ಸ್ಕೆಚ್‌ಗೂ ಸ್ಕೆಚ್‌ಗೂ ನಂಟು ಹಾಕಲು ಯಾವ ವೈಟ್‌ಬೋರ್ಡ್ ಸರಿ?

ಕೈಯಲ್ಲಿ ಬಿಡಿಸಿದ ಡಿಸೈನ್ ಸ್ಕೆಚ್‌ಗಳನ್ನು ಡಿಜಿಟಲ್ ವೈಟ್‌ಬೋರ್ಡಿಗೆ ಹಾಕುವುದು ಸುಲಭ. ಫೋನಿನಲ್ಲಿ ಫೋಟೋ ತೆಗೆದು ಏರಿಸಿದರೆ ಆಯಿತು. ಟ್ಯಾಬ್ಲೆಟ್ ಇದ್ದರೆ ನೇರವಾಗಿ ಬೋರ್ಡಿನ ಮೇಲೆಯೇ ಗೀಚಬಹುದು. ಕಷ್ಟ ಶುರುವಾಗುವುದು ಆಮೇಲೆ. ಮೂವತ್ತು ನಲವತ್ತು ಸ್ಕೆಚ್ ಸೇರಿದ ಮೇಲೆ ಯಾವುದರಿಂದ ಯಾವುದು ಬಂತು, ಯಾವುದು ಯಾವುದರ ಭಾಗ, ಯಾವುದನ್ನು ಯಾಕೆ ಕೈಬಿಟ್ಟೆವು ಎಂದು ಹೇಳಲು ಬಿಡಿಸಿದವರಿಗೇ ಆಗುವುದಿಲ್ಲ. ತಂಡಕ್ಕೆ ಹೊಸದಾಗಿ ಬಂದವರಿಗಂತೂ ಅದು ಬರೀ ಚಿತ್ರಗಳ ರಾಶಿ.

ಯಾವ ವೈಟ್‌ಬೋರ್ಡ್ ತಗೊಳ್ಳಲಿ ಎಂದು ಕೇಳುವವರಿಗೆ ನಾನು ತಿರುಗಿ ಕೇಳುವುದು ಇಷ್ಟೇ: ಆರು ತಿಂಗಳಾದ ಮೇಲೆ ಈ ಬೋರ್ಡ್ ತೆರೆಯುವವರು ಯಾರು, ಅವರು ಏನನ್ನು ಹುಡುಕುತ್ತಾರೆ? ಇದಕ್ಕೆ ಉತ್ತರ ಸಿಕ್ಕರೆ ಯಾವ ಬಗೆಯ ನಂಟು ಬೇಕು ಎಂಬುದು ತಿಳಿಯುತ್ತದೆ. ನಂಟಿನ ಬಗೆ ಗೊತ್ತಾದರೆ ಆ್ಯಪ್ ಆರಿಸುವುದು ದೊಡ್ಡ ಕೆಲಸವಲ್ಲ. ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಮೊದಲು ಆ್ಯಪ್ ಹಿಡಿದು, ಅದು ಕೊಡುವ ಬಾಣಗಳಲ್ಲೇ ಕೆಲಸ ಮುಗಿಸುತ್ತಾರೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಸ್ ತಂಗುದಾಣ ಒಂದರ ವಿನ್ಯಾಸ ಮಾಡುತ್ತಿದ್ದೀರಿ. ಸ್ಕೆಚ್ 1 ಇಡೀ ತಂಗುದಾಣದ ನೋಟ. ಸ್ಕೆಚ್ 2ರಲ್ಲಿ ಚಾವಣಿ ರಸ್ತೆಯ ಕಡೆಗೆ ಇಳಿಜಾರು. ಸ್ಕೆಚ್ 3ರಲ್ಲಿ ಅದೇ ಚಾವಣಿ ಹಿಂದಕ್ಕೆ ಇಳಿಜಾರು. ಸ್ಕೆಚ್ 4 ಬೆಂಚು, ಅದರಲ್ಲಿ ಎರಡು ಬಗೆ: ಬೆನ್ನಿಗೆ ಆಸರೆ ಇರುವುದು, ಇಲ್ಲದಿರುವುದು. ಸ್ಕೆಚ್ 5 ಕಂಬ ನೆಲದೊಳಗೆ ಕೂರುವ ಜಾಗ.

ಇಷ್ಟು ಚಿಕ್ಕ ಗುಂಪಿನಲ್ಲೇ ನಾಲ್ಕು ಬಗೆಯ ನಂಟು ಇದೆ. 2ರಿಂದ 3 ಹುಟ್ಟಿತು, ಯಾಕೆಂದರೆ ಮುಂದಕ್ಕೆ ಇಳಿಜಾರಿದ್ದರೆ ಮಳೆ ನೀರೆಲ್ಲ ಬಸ್ ಹತ್ತುವವರ ತಲೆ ಮೇಲೆ ಸುರಿಯುತ್ತದೆ. 4 ಮತ್ತು 5 ಎರಡೂ 1ರ ಭಾಗಗಳು. ಎರಡು ಬೆಂಚುಗಳು ಒಂದಕ್ಕೊಂದು ಬದಲಿ, ಕೊನೆಗೆ ಒಂದೇ ಉಳಿಯಬೇಕು. ನಾಲ್ಕನೆಯದು ಎಲ್ಲರೂ ಮರೆಯುವ ನಂಟು: 3 ಬದಲಾದರೆ 5 ಕೂಡ ಬದಲಾಗಬೇಕು. ಚಾವಣಿ ಹಿಂದಕ್ಕೆ ವಾಲಿದರೆ ನೀರಿನ ಪೈಪ್ ಹಿಂದಿನ ಕಂಬದ ಗುಂಟ ಇಳಿಯುತ್ತದೆ. ಆಗ ಆ ಕಂಬದ ಬುಡದಲ್ಲಿ ನೀರು ಹೊರಗೆ ಹೋಗಲು ದಾರಿ ಬೇಕು. ಚಾವಣಿ ಬಿಡಿಸಿದವರು ಒಬ್ಬರು, ಬುಡ ಬಿಡಿಸಿದವರು ಇನ್ನೊಬ್ಬರು ಆಗಿದ್ದರೆ ಈ ನಂಟು ಬೋರ್ಡಿನ ಮೇಲೆ ಕಾಣಲೇಬೇಕು. ಇಲ್ಲದಿದ್ದರೆ ತಪ್ಪು ಗೊತ್ತಾಗುವುದು ಸೈಟಿನಲ್ಲಿ, ಕಾಂಕ್ರೀಟ್ ಹಾಕಿದ ಮೇಲೆ.

ಈ ನಾಲ್ಕನ್ನೂ ಒಂದೇ ಥರದ ಬಾಣದಲ್ಲಿ ತೋರಿಸಿದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಅದಕ್ಕೇ ನಾನು ಯಾವ ಬೋರ್ಡ್ ನೋಡಿದರೂ ಮೊದಲು ನೋಡುವುದು ಇದನ್ನು: ಗೆರೆಯ ಮೇಲೆ ಕಾರಣ ಬರೆಯಲು ಬರುತ್ತದಾ? "ನೀರು ಮುಂದೆ ಬೀಳುತ್ತದೆ" ಎಂಬ ಮೂರು ಪದ ಗೆರೆಯ ಮೇಲೆ ಇದ್ದರೆ, ಅರ್ಧ ಗಂಟೆಯ ಮೀಟಿಂಗ್ ಉಳಿಯುತ್ತದೆ.

ಬಾಣ, ಲಿಂಕ್, ಒಳಗೆ ಕೂರಿಸಿದ ಚಿತ್ರ

ವೈಟ್‌ಬೋರ್ಡುಗಳು ಕೊಡುವ ಜೋಡಣೆಗಳಲ್ಲಿ ಮುಖ್ಯವಾದವು ಮೂರು.

ಮೊದಲನೆಯದು ಬಾಣ. ಎರಡು ಸ್ಕೆಚ್ ಒಂದೇ ಕಡೆ ಕಾಣುವಾಗ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಬಾಣ ಸ್ಕೆಚ್‌ಗೆ ಅಂಟಿಕೊಂಡಿರಬೇಕು. ಸ್ಕೆಚ್ ಸರಿಸಿದರೆ ಬಾಣವೂ ಜೊತೆಗೆ ಬರಬೇಕು. ಪೆನ್ನಿನಲ್ಲಿ ಸುಮ್ನೆ ಎಳೆದ ಬಾಣ ಚಿತ್ರ ಅಷ್ಟೇ, ಅದು ಎಲ್ಲಿಗೂ ಅಂಟುವುದಿಲ್ಲ.

ಎರಡನೆಯದು ಕ್ಲಿಕ್ ಮಾಡುವ ಲಿಂಕ್. ಸ್ಕೆಚ್‌ಗಳು ದೂರ ದೂರ ಇದ್ದಾಗ ಅಥವಾ ಬೇರೆ ಬೇರೆ ಬೋರ್ಡಿನಲ್ಲಿ ಇದ್ದಾಗ ಇದು ಬೇಕು. ಇದರ ಕೊರತೆ ಏನೆಂದರೆ ಸಾಮಾನ್ಯವಾಗಿ ಒಂದೇ ದಿಕ್ಕಿನದು. 3ರಿಂದ 5ಕ್ಕೆ ಲಿಂಕ್ ಹಾಕಿದ್ದೀರಿ ಎಂದು 5 ನೋಡುತ್ತಿರುವವರಿಗೆ ಗೊತ್ತಾಗುವುದಿಲ್ಲ. ಎರಡೂ ಕಡೆ ಕೈಯಾರೆ ಹಾಕಬೇಕು, ಇಲ್ಲವೇ ಹಿಮ್ಮುಖ ಲಿಂಕ್ ತಾನೇ ತೋರಿಸುವ ಆ್ಯಪ್ ಬೇಕು.

ಮೂರನೆಯದು ಒಂದು ಸ್ಕೆಚ್ಚನ್ನು ಇನ್ನೊಂದರೊಳಗೆ ಜೀವಂತವಾಗಿ ಕೂರಿಸುವುದು. ಮೂಲ ತಿದ್ದಿದರೆ ಕೂರಿಸಿದ ಕಡೆಯೆಲ್ಲ ತಾನೇ ಬದಲಾಗುತ್ತದೆ. ಇದು ಈಗಿನ ಕಾಲದ ಉಪಾಯ ಅಂದುಕೊಳ್ಳಬೇಡಿ. ಐವನ್ ಸದರ್‌ಲ್ಯಾಂಡ್ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ತಮ್ಮ ಪಿಎಚ್‌ಡಿಗಾಗಿ ತೋರಿಸಿದ ಸ್ಕೆಚ್‌ಪ್ಯಾಡ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲೇ ಇದು ಇತ್ತು. ಟಿಎಕ್ಸ್-2 ಕಂಪ್ಯೂಟರಿನ ಪರದೆ ಮೇಲೆ ಲೈಟ್ ಪೆನ್ನಿನಿಂದ ಒಂದು ಮೂಲ ಚಿತ್ರ ಬಿಡಿಸುವುದು, ಅದರ ಪ್ರತಿಗಳನ್ನು ಬೇಕಾದ ಕಡೆ ಇಡುವುದು, ಮೂಲ ತಿದ್ದಿದರೆ ಪ್ರತಿಗಳೆಲ್ಲ ತಿದ್ದಿಕೊಳ್ಳುವುದು. ಅರವತ್ತು ವರ್ಷ ದಾಟಿದರೂ ಇವತ್ತಿನ ಎಷ್ಟೋ ವೈಟ್‌ಬೋರ್ಡುಗಳಲ್ಲಿ ಕೈಬರಹದ ಸ್ಕೆಚ್‌ಗೆ ಈ ಸೌಲಭ್ಯ ಇಲ್ಲ. ಕಾಪಿ ಪೇಸ್ಟ್ ಮಾಡಿದ ಬೆಂಚು ಮೂಲದ ಜೊತೆ ಸಂಬಂಧ ಕಡಿದುಕೊಂಡು ಹಳೆಯದಾಗುತ್ತಾ ಹೋಗುತ್ತದೆ.

ಇವಲ್ಲದೆ ಹತ್ತಿರ ಇಡುವುದು, ಒಂದು ಚೌಕಟ್ಟಿನೊಳಗೆ ಹಾಕುವುದು ಕೂಡ ನಂಟೇ. "ಭಾಗ" ಎಂಬ ನಂಟಿಗೆ ಚೌಕಟ್ಟು ಸಾಕು, ಬಾಣವೇ ಬೇಡ. ಬದಲಿಗಳನ್ನು ಪಕ್ಕ ಪಕ್ಕ ಒಂದೇ ಸಾಲಿನಲ್ಲಿ ಇಟ್ಟರೆ ಸಾಕು. ಹೀಗೆ ಮಾಡಿದರೆ ಬಾಣಗಳು ಉಳಿಯುವುದು ಎರಡೇ ಕೆಲಸಕ್ಕೆ: "ಇದರಿಂದ ಇದು ಬಂತು" ಮತ್ತು "ಇದು ಬದಲಾದರೆ ಇದೂ ಬದಲಾಗಬೇಕು". ಮೊದಲನೆಯದಕ್ಕೆ ಗಟ್ಟಿ ಗೆರೆ, ಎರಡನೆಯದಕ್ಕೆ ಚುಕ್ಕಿ ಗೆರೆ. ಬೋರ್ಡ್ ತಟ್ಟನೆ ಹಗುರವಾಗುತ್ತದೆ.

ಎಕ್ಸ್‌ಕ್ಯಾಲಿಡ್ರಾ: ಬೇಗ ಶುರುಮಾಡಬೇಕಾದವರಿಗೆ

ಕ್ರಿಸ್ಟೋಫರ್ ಶೆಡೋ 2020ರ ಜನವರಿಯಲ್ಲಿ ಶುರುಮಾಡಿದ ಎಕ್ಸ್‌ಕ್ಯಾಲಿಡ್ರಾ ಮುಕ್ತ ತಂತ್ರಾಂಶ, ಎಂಐಟಿ ಲೈಸೆನ್ಸಿನದು, ಅಂದರೆ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಖಾತೆ ತೆರೆಯಬೇಕಿಲ್ಲ. ಬ್ರೌಸರಿನಲ್ಲಿ ತೆರೆದ ಕೂಡಲೇ ಗೀಚಬಹುದು. ಪೆಟ್ಟಿಗೆ, ಗೆರೆ ಏನೇ ಹಾಕಿದರೂ ಕೈಯಲ್ಲಿ ಬಿಡಿಸಿದಂತೆ ಕಾಣುತ್ತದೆ. ಹಾಗಾಗಿ ನಿಮ್ಮ ನಿಜವಾದ ಕೈಬರಹದ ಪಕ್ಕದಲ್ಲಿ ಅದರ ಬಾಣಗಳು ಬೇರೆಯಾಗಿ ಎದ್ದು ಕಾಣುವುದಿಲ್ಲ. ಇದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಅರ್ಧ ಹುಟ್ಟಿದ ಯೋಚನೆ ಅರ್ಧ ಹುಟ್ಟಿದಂತೆಯೇ ಕಂಡರೆ ಜನ ಧೈರ್ಯವಾಗಿ ತಿದ್ದುತ್ತಾರೆ.

ಬಾಣದ ವಿಷಯಕ್ಕೆ ಬಂದರೆ ಒಂದು ಸಂಗತಿ ಗೊತ್ತಿರಲೇಬೇಕು. ಎಕ್ಸ್‌ಕ್ಯಾಲಿಡ್ರಾದಲ್ಲಿ ಬಾಣ ಅಂಟುವುದು ಚೌಕ, ವಜ್ರ, ಅಂಡಾಕಾರ, ಅಕ್ಷರ, ಫೋಟೋ, ಫ್ರೇಮ್ ಇಂಥವುಗಳಿಗೆ. ಪೆನ್ನಿನಿಂದ ಎಳೆದ ಗೆರೆಗೆ ಅಂಟುವುದಿಲ್ಲ. ಸ್ಕೆಚ್ ಪಕ್ಕಕ್ಕೆ ಬಾಣ ತಂದು ಬಿಟ್ಟರೆ ಅಂಟಿದಂತೆಯೇ ಕಾಣುತ್ತದೆ. ಸ್ಕೆಚ್ ಸರಿಸಿದಾಗ ಬಾಣ ಅಲ್ಲೇ ನಿಂತಿರುತ್ತದೆ. ಪರಿಹಾರ ಸರಳ. ಸ್ಕೆಚ್‌ನ ಸುತ್ತ ಒಂದು ಚೌಕ ಎಳೆಯಿರಿ, ಅದರ ಗೆರೆಯ ಬಣ್ಣ ತಿಳಿಬೂದು ಮಾಡಿ. ಪೆನ್ನಿನ ಗೆರೆಗಳನ್ನೂ ಚೌಕವನ್ನೂ ಒಟ್ಟಿಗೆ ಆರಿಸಿ ಗ್ರೂಪ್ ಮಾಡಿ. ಆಮೇಲೆ ಬಾಣವನ್ನು ಚೌಕಕ್ಕೆ ಅಂಟಿಸಿ. ಈಗ ಸ್ಕೆಚ್ ಎಲ್ಲಿಗೆ ಹೋದರೂ ಬಾಣ ಹಿಂದೆಯೇ ಬರುತ್ತದೆ. ಬಾಣದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಕಾರಣ ಬರೆಯಬಹುದು.

ಲಿಂಕ್ ಹಾಕಲು ವಸ್ತುವನ್ನು ಆರಿಸಿ ಕಂಟ್ರೋಲ್ ಮತ್ತು ಕೆ ಒತ್ತಿ. ಅದೇ ಬೋರ್ಡಿನ ಇನ್ನೊಂದು ವಸ್ತುವಿಗೂ ಲಿಂಕ್ ಕೊಡಬಹುದು. ದೊಡ್ಡ ಬೋರ್ಡಿನ ಎಡತುದಿಯಲ್ಲಿರುವ ಚಾವಣಿಯಿಂದ ಬಲತುದಿಯಲ್ಲಿರುವ ಕಂಬದ ಬುಡಕ್ಕೆ ಒಂದೇ ಕ್ಲಿಕ್ಕಿನಲ್ಲಿ ಹೋಗಬಹುದು.

ಬೋರ್ಡಿನಿಂದ ಬೋರ್ಡಿಗೆ ಲಿಂಕ್ ಹಾಕುವಾಗ ಮಾತ್ರ ಹುಷಾರು. ಉಚಿತ ಆವೃತ್ತಿಯಲ್ಲಿ ಹಂಚಿಕೊಳ್ಳಲು ಮಾಡುವ ಲಿಂಕ್ ಆ ಕ್ಷಣದ ಪ್ರತಿ. ಆಮೇಲೆ ನೀವು ಬೋರ್ಡ್ ತಿದ್ದಿದರೂ ಆ ಲಿಂಕ್ ತೆರೆದವರಿಗೆ ಹಳೆಯದೇ ಕಾಣುತ್ತದೆ. ಇದನ್ನು ತಿಳಿಯದೆ ಒಂದು ಬೋರ್ಡಿನಿಂದ ಇನ್ನೊಂದಕ್ಕೆ ಲಿಂಕ್ ಹಾಕಿಟ್ಟರೆ, ಹಳೆಯ ಬೆಂಚನ್ನೇ ಕೊನೆಯದು ಎಂದು ಯಾರಾದರೂ ನಂಬುತ್ತಾರೆ. ಜೊತೆಗೆ ಉಚಿತ ಆವೃತ್ತಿಯ ಚಿತ್ರ ಉಳಿಯುವುದು ನಿಮ್ಮ ಬ್ರೌಸರಿನೊಳಗೆ. ಬ್ರೌಸರಿನ ಡೇಟಾ ಅಳಿಸಿದರೆ ಚಿತ್ರವೂ ಹೋಯಿತು. ದಿನದ ಕೆಲಸ ಮುಗಿದಾಗ ಫೈಲ್ ಆಗಿ ಉಳಿಸಿಕೊಳ್ಳುವುದು ಅಭ್ಯಾಸವಾಗಲಿ. ಒಂದೇ ಯೋಜನೆಗೆ ಹತ್ತಾರು ಬೋರ್ಡ್ ಬೇಕಾದ ತಂಡವಾದರೆ ಅದರ ಹಣ ಕೊಡುವ ಆವೃತ್ತಿ ನೋಡಬೇಕು, ಇಲ್ಲವೇ ಮುಂದೆ ಹೇಳುವ ಆಬ್ಸಿಡಿಯನ್ ದಾರಿ ಹಿಡಿಯಬೇಕು.

ಹೊರಗೆ ತೆಗೆಯುವ ವಿಷಯದಲ್ಲಿ ಇದು ತುಂಬಾ ಒಳ್ಳೆಯದು. ಫೈಲ್ ಒಳಗಿರುವುದು ಜೆಸನ್, ಅಂದರೆ ನಾವೂ ಓದಬಹುದಾದ ಅಕ್ಷರ ರೂಪದ ಮಾಹಿತಿ. ಪಿಎನ್‌ಜಿ ಚಿತ್ರ ಮಾಡುವಾಗ ದೃಶ್ಯವನ್ನೂ ಒಳಗೆ ಸೇರಿಸುವ ಆಯ್ಕೆ ಹಾಕಿದರೆ, ಆ ಚಿತ್ರವನ್ನೇ ಮತ್ತೆ ಬೋರ್ಡಿಗೆ ಎಳೆದು ತಿದ್ದಬಹುದು. ಎಸ್‌ವಿಜಿ ಎಂಬ ಬಗೆಯ ಚಿತ್ರ ಮಾಡಿದರೆ ಹಾಕಿದ ಲಿಂಕ್‌ಗಳೂ ಜೊತೆಗೆ ಬರುತ್ತವೆ.

ಮಿರೋ: ದೊಡ್ಡ ತಂಡಕ್ಕೆ, ಗಿರಾಕಿಗೆ ತೋರಿಸುವವರಿಗೆ

ಮಿರೋ 2011ರಲ್ಲಿ ರಿಯಲ್‌ಟೈಮ್‌ಬೋರ್ಡ್ ಎಂಬ ಹೆಸರಿನಲ್ಲಿ ಶುರುವಾಯಿತು. 2019ರಲ್ಲಿ ಹೆಸರು ಬದಲಾಯಿತು. ಇದರ ಬಲ ಫ್ರೇಮ್‌ಗಳಲ್ಲಿದೆ, ಅಂದರೆ ಹೆಸರು ಕೊಡಬಹುದಾದ ಚೌಕಟ್ಟುಗಳಲ್ಲಿ. ಪ್ರತಿ ಸ್ಕೆಚ್ ಗುಂಪನ್ನು ಒಂದು ಫ್ರೇಮಿನಲ್ಲಿಟ್ಟು ಹೆಸರು ಕೊಟ್ಟರೆ, ಫ್ರೇಮ್‌ಗಳ ಪಟ್ಟಿ ವಿಷಯಸೂಚಿಯಾಗಿ ಕೆಲಸ ಮಾಡುತ್ತದೆ. ಅದೇ ಕ್ರಮದಲ್ಲಿ ಒಂದೊಂದಾಗಿ ತೋರಿಸುತ್ತಾ ಹೋಗಬಹುದು, ಬೇರೆ ಸ್ಲೈಡ್ ಮಾಡಬೇಕಿಲ್ಲ. ಯಾವುದೇ ವಸ್ತುವಿನ ಮೇಲೆ ರೈಟ್ ಕ್ಲಿಕ್ ಮಾಡಿ ಅದರದ್ದೇ ಲಿಂಕ್ ಪಡೆಯಬಹುದು. ಅದನ್ನು ಇಮೇಲಿನಲ್ಲಿ ಕಳಿಸಿದರೆ ತೆರೆದವರು ನೇರವಾಗಿ ಆ ಸ್ಕೆಚ್ ಮುಂದೆ ನಿಲ್ಲುತ್ತಾರೆ. "ಬೋರ್ಡಿನ ಬಲಗಡೆ ಕೆಳಗೆ ಹಳದಿ ಚೀಟಿ ಪಕ್ಕ" ಎಂದು ಫೋನಿನಲ್ಲಿ ವಿವರಿಸುವ ಕೆಲಸ ತಪ್ಪುತ್ತದೆ.

ಬಾಣದ ಮೇಲೆ ಅಕ್ಷರ ಬರೆಯಬಹುದು. ಗೆರೆಯನ್ನು ಚುಕ್ಕಿ ಮಾಡಬಹುದು, ಬಣ್ಣ ಬದಲಿಸಬಹುದು. ಟ್ಯಾಗ್ ಸೌಲಭ್ಯ ಇದೆ, ಆದರೆ ಅದು ಸ್ಟಿಕಿ ನೋಟ್ (ಅಂಟುಚೀಟಿ) ಮತ್ತು ಕಾರ್ಡ್‌ಗಳಿಗೆ. ಸ್ಕೆಚ್‌ಗೆ ನೇರವಾಗಿ ಟ್ಯಾಗ್ ಹಾಕಲು ಬರುವುದಿಲ್ಲ. ಹಾಗಾಗಿ ಪ್ರತಿ ಸ್ಕೆಚ್‌ನ ಮೂಲೆಯಲ್ಲಿ ಒಂದು ಚಿಕ್ಕ ಸ್ಟಿಕಿ ನೋಟ್ ಇಡಿ. ಅದರಲ್ಲಿ ಸ್ಕೆಚ್‌ನ ಸಂಖ್ಯೆ, "ಉಳಿದದ್ದು" ಅಥವಾ "ಕೈಬಿಟ್ಟದ್ದು" ಎಂಬ ಟ್ಯಾಗ್.

ಉಚಿತ ಯೋಜನೆಯಲ್ಲಿ ತಿದ್ದಬಹುದಾದ ಬೋರ್ಡ್ ಮೂರೇ. ಒಬ್ಬರೇ ಕೆಲಸ ಮಾಡುವವರಿಗೆ, ವಿದ್ಯಾರ್ಥಿಗಳಿಗೆ ಇದು ಬೇಗ ಇಕ್ಕಟ್ಟಾಗುತ್ತದೆ. ಆಗ ಎಲ್ಲವನ್ನೂ ಒಂದೇ ಬೋರ್ಡಿಗೆ ತುರುಕುತ್ತಾರೆ. ಫೋಟೋಗಳ ಭಾರಕ್ಕೆ ಬೋರ್ಡ್ ತೆವಳಲು ಶುರುವಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಮಿರೋಗೆ ಹಣ ಕೊಡುವುದು ಸಾರ್ಥಕವಾಗುವುದು ಏಳೆಂಟು ಜನ ಒಟ್ಟಿಗೆ ಕೆಲಸ ಮಾಡುವಾಗ, ಅಥವಾ ಹೊರಗಿನವರಿಗೆ ಪದೇ ಪದೇ ತೋರಿಸಬೇಕಾದಾಗ. ಅದಕ್ಕಿಂತ ಚಿಕ್ಕ ಕೆಲಸಕ್ಕೆ ಅದು ಜಾಸ್ತಿ ಆಯಿತು.

ಬೋರ್ಡ್ ನಕಲು ಮಾಡುವಾಗ ಒಂದು ಎಚ್ಚರಿಕೆ ಬೇಕು. ವಸ್ತುವಿನ ಲಿಂಕ್ ಒಳಗೆ ಆ ಬೋರ್ಡಿನ ಗುರುತೂ ಸೇರಿರಬಹುದು. ಹಳೆಯ ಯೋಜನೆಯ ಬೋರ್ಡನ್ನೇ ನಕಲು ಮಾಡಿ ಹೊಸದನ್ನು ಶುರುಮಾಡುವ ಅಭ್ಯಾಸ ನಿಮ್ಮಲ್ಲಿದ್ದರೆ, ನಕಲಿನಲ್ಲಿರುವ ಲಿಂಕ್‌ಗಳನ್ನು ಒಂದೊಂದಾಗಿ ಒತ್ತಿ ನೋಡಿ. ಹಳೆಯ ಬೋರ್ಡಿಗೆ ಕರೆದೊಯ್ಯುತ್ತಿದ್ದರೆ ತಿದ್ದಿ. ಬಾಣಗಳಿಗೆ ಈ ಕಾಟ ಇಲ್ಲ.

ಫಿಗ್‌ಜ್ಯಾಮ್

ಆ್ಯಪ್ ಸ್ಕ್ರೀನ್‌ಗಳ ವಿನ್ಯಾಸಕ್ಕೆ ಬಳಸುವ ಫಿಗ್ಮಾ ತಂತ್ರಾಂಶದ ಕಂಪನಿಯೇ 2021ರ ಏಪ್ರಿಲ್‌ನಲ್ಲಿ ತಂದ ವೈಟ್‌ಬೋರ್ಡ್ ಇದು. ನಿಮ್ಮ ಸ್ಕೆಚ್ ಕೊನೆಗೆ ಫಿಗ್ಮಾದಲ್ಲಿ ಮೊಬೈಲ್ ಆ್ಯಪ್‌ನ ಸ್ಕ್ರೀನ್ ಆಗುವುದಿದ್ದರೆ ಹೆಚ್ಚು ಯೋಚನೆ ಬೇಡ, ಇದನ್ನೇ ತಗೊಳ್ಳಿ. ಕೈಯಲ್ಲಿ ಗೀಚಿದ ಲಾಗಿನ್ ಪುಟದ ಪಕ್ಕದಲ್ಲೇ ಅದರ ಸಿದ್ಧ ರೂಪವನ್ನು ತಂದಿಡಬಹುದು. ಗುಂಪು ಮಾಡಲು ಸೆಕ್ಷನ್ ಇದೆ, ಸೆಕ್ಷನ್ ಸರಿಸಿದರೆ ಒಳಗಿನದೆಲ್ಲ ಜೊತೆಗೆ ಹೋಗುತ್ತದೆ, ಸೆಕ್ಷನ್‌ಗೆ ನೇರ ಲಿಂಕ್ ಸಿಗುತ್ತದೆ. ಬಾಣಗಳ ಮೇಲೆ ಬರೆಯಬಹುದು. ಆ್ಯಪ್ ವಿನ್ಯಾಸವಲ್ಲದೆ ಬೇರೆ ಕೆಲಸ, ಅಂದರೆ ಪೀಠೋಪಕರಣ, ಕಟ್ಟಡ, ಉಡುಪು ಇಂಥವು ನಿಮ್ಮದಾದರೆ ಇದನ್ನೇ ಆರಿಸಲು ವಿಶೇಷ ಕಾರಣ ನನಗೆ ಕಾಣುವುದಿಲ್ಲ.

ಫ್ರೀಫಾರ್ಮ್: ಐಪ್ಯಾಡ್ ಮೇಲೆ ನೇರವಾಗಿ ಬಿಡಿಸುವವರಿಗೆ

ಆ್ಯಪಲ್ ಇದನ್ನು 2022ರ ಡಿಸೆಂಬರ್‌ನಲ್ಲಿ ಐಪ್ಯಾಡ್, ಐಫೋನ್, ಮ್ಯಾಕ್ ಮೂರಕ್ಕೂ ಉಚಿತವಾಗಿ ಕೊಟ್ಟಿತು. ಪೆನ್ಸಿಲ್ ಹಿಡಿದು ಬಿಡಿಸುವ ಸುಖ ಈ ಪಟ್ಟಿಯಲ್ಲಿ ಇದಕ್ಕೇ ಜಾಸ್ತಿ. ವಸ್ತುಗಳನ್ನು ಜೋಡಿಸುವ ಗೆರೆಗಳು ಬಂದದ್ದು ಐಪ್ಯಾಡ್‌ಓಎಸ್ 17ರಲ್ಲಿ. ಬೋರ್ಡಿನ ಬೇರೆ ಬೇರೆ ಜಾಗಗಳನ್ನು ದೃಶ್ಯಗಳಾಗಿ ಉಳಿಸಿ ಒಂದಾದ ಮೇಲೊಂದು ತೋರಿಸುವ ಸೌಲಭ್ಯ ಬಂದದ್ದು 18ರಲ್ಲಿ. ಈ ದೃಶ್ಯಗಳನ್ನು ನಂಟು ಹಾಕಲು ಚೆನ್ನಾಗಿ ಬಳಸಬಹುದು: 1, ಆಮೇಲೆ 2, ಆಮೇಲೆ 3, ಹೀಗೆ ವಿನ್ಯಾಸ ಬೆಳೆದ ದಾರಿಯನ್ನೇ ದೃಶ್ಯಗಳ ಸಾಲಾಗಿ ಇಡಿ.

ಕಾರಣ ಬರೆಯಲು ಇಲ್ಲಿ ಒಂದು ಉಪಾಯ ಹಿಡಿಸುತ್ತದೆ. ಎರಡು ಸ್ಕೆಚ್‌ಗಳ ನಡುವೆ ಒಂದು ಸ್ಟಿಕಿ ನೋಟ್ ಇಡಿ, ಅದರಲ್ಲಿ ಕಾರಣ ಬರೆಯಿರಿ. ಮೊದಲ ಸ್ಕೆಚ್‌ನಿಂದ ನೋಟ್‌ಗೆ ಒಂದು ಗೆರೆ, ನೋಟ್‌ನಿಂದ ಎರಡನೆಯ ಸ್ಕೆಚ್‌ಗೆ ಇನ್ನೊಂದು. ಗೆರೆಯ ಮೇಲಿನ ಸಣ್ಣ ಅಕ್ಷರಕ್ಕಿಂತ ಇದು ದೂರದಿಂದಲೂ ಕಾಣುತ್ತದೆ. ಬೇರೆ ಬೋರ್ಡುಗಳಲ್ಲೂ ನನಗೆ ಇದೇ ಇಷ್ಟ.

ಇದರ ದೊಡ್ಡ ಮಿತಿ ನಿಮಗೆ ಆಗಲೇ ಗೊತ್ತಾಗಿರಬೇಕು. ತಂಡದಲ್ಲಿ ಒಬ್ಬರ ಬಳಿ ಆಂಡ್ರಾಯ್ಡ್ ಫೋನ್, ಇನ್ನೊಬ್ಬರ ಬಳಿ ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಒಟ್ಟಿಗೆ ಕೆಲಸ ಮಾಡಲು ಇದು ಸರಿಯಲ್ಲ. ಅವರಿಗೆ ಪಿಡಿಎಫ್ ಕಳಿಸಬೇಕಾಗುತ್ತದೆ. ಪಿಡಿಎಫ್ ಮೇಲೆ ಅವರು ಏನಾದರೂ ಬರೆದರೆ ಅದನ್ನು ಮತ್ತೆ ಬೋರ್ಡಿಗೆ ತರುವ ಕೆಲಸ ನಿಮ್ಮದು.

ಆಬ್ಸಿಡಿಯನ್: ವರ್ಷಗಟ್ಟಲೆ ಉಳಿಯಬೇಕಾದ ಕೆಲಸಕ್ಕೆ

ನಾನು ಹೆಚ್ಚು ಹೇಳಬೇಕೆಂದಿರುವುದು ಇದರ ಬಗ್ಗೆ. ಆಬ್ಸಿಡಿಯನ್ ಮೂಲತಃ ಟಿಪ್ಪಣಿ ಬರೆಯುವ ಆ್ಯಪ್. ಫೈಲ್‌ಗಳೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತವೆ. 2025ರ ಫೆಬ್ರವರಿಯಿಂದ ಕಂಪನಿ ಕೆಲಸಕ್ಕೂ ಲೈಸೆನ್ಸ್ ಹಣ ಕಡ್ಡಾಯವಲ್ಲ. ಸ್ಕೆಚ್‌ಗಳಿಗೆ ಇದರಲ್ಲಿ ಎರಡು ದಾರಿ ಇವೆ, ಎರಡನ್ನೂ ಒಂದೇ ಎಂದುಕೊಳ್ಳಬಾರದು.

ಮೊದಲನೆಯದು ಅದರದ್ದೇ ಕ್ಯಾನ್ವಾಸ್. 2022ರ ಕೊನೆಗೆ ಬಂತು. ಇದರಲ್ಲಿ ಪೆನ್ ಇಲ್ಲ, ನೇರವಾಗಿ ಗೀಚಲು ಬರುವುದಿಲ್ಲ. ಸ್ಕೆಚ್‌ಗಳ ಫೋಟೋಗಳನ್ನು ಕಾರ್ಡ್‌ಗಳಾಗಿ ಹರಡಿ, ಅವುಗಳ ನಡುವೆ ಗೆರೆ ಎಳೆದು, ಗೆರೆಯ ಮೇಲೆ ಬರೆಯಬಹುದು. ಕಾಗದದ ಮೇಲೆಯೇ ಬಿಡಿಸುವವರಿಗೆ ಇಷ್ಟೇ ಸಾಕು. ಫೈಲಿನ ರಚನೆಯನ್ನು 2024ರಲ್ಲಿ ಜೆಸನ್ ಕ್ಯಾನ್ವಾಸ್ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟರು. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಪ್ರತಿ ಗೆರೆಗೂ ಎಲ್ಲಿಂದ, ಎಲ್ಲಿಗೆ, ಮೇಲೆ ಏನು ಬರೆದಿದೆ ಎಂಬುದು ಅಕ್ಷರದಲ್ಲೇ ಇರುತ್ತದೆ. ಅಂದರೆ ನಂಟು ಬರೀ ಚಿತ್ರವಾಗಿ ಉಳಿದಿಲ್ಲ, ಮಾಹಿತಿಯಾಗಿ ಉಳಿದಿದೆ. ಆ್ಯಪ್ ನಾಳೆ ಇಲ್ಲವಾದರೂ "3ರಿಂದ 5ಕ್ಕೆ, ಪೈಪ್ ಹಿಂದಿನ ಕಂಬಕ್ಕೆ" ಎಂಬುದನ್ನು ಓದಬಹುದು.

ಎರಡನೆಯದು ಜೋಲ್ಟ್ ವಿತ್ಸಿಯಾನ್ ಮಾಡಿದ ಎಕ್ಸ್‌ಕ್ಯಾಲಿಡ್ರಾ ಪ್ಲಗಿನ್, ಅಂದರೆ ಆಬ್ಸಿಡಿಯನ್‌ಗೆ ಮೇಲಿಂದ ಸೇರಿಸಿಕೊಳ್ಳುವ ತುಣುಕು. ಎಕ್ಸ್‌ಕ್ಯಾಲಿಡ್ರಾದ ಪೆನ್, ಬಾಣ ಎಲ್ಲ ಆಬ್ಸಿಡಿಯನ್ ಒಳಗೇ ಸಿಗುತ್ತದೆ. ಚಿತ್ರದ ಮೇಲೆ ಜೋಡಿ ಚೌಕಾವರಣದೊಳಗೆ, ಅಂದರೆ [[ ]] ನಡುವೆ, ಇನ್ನೊಂದು ಫೈಲಿನ ಹೆಸರು ಬರೆದರೆ ಸಾಕು, ಅದು ಲಿಂಕ್ ಆಗುತ್ತದೆ. ಕಂಬದ ಬುಡದ ಸ್ಕೆಚ್ ತೆರೆದು ಹಿಮ್ಮುಖ ಲಿಂಕ್‌ಗಳ ಪಟ್ಟಿ ನೋಡಿದರೆ, ಚಾವಣಿಯ ಸ್ಕೆಚ್ ಇದನ್ನು ಹೆಸರಿಸಿದೆ ಎಂದು ತಾನೇ ತೋರಿಸುತ್ತದೆ. ನೀವು ಎರಡು ಕಡೆ ಹಾಕಬೇಕಿಲ್ಲ. ಆಬ್ಸಿಡಿಯನ್ ಒಳಗೇ ಫೈಲಿನ ಹೆಸರು ಬದಲಿಸಿದರೆ ಲಿಂಕ್‌ಗಳೂ ಬದಲಾಗುತ್ತವೆ.

ಒಂದು ಸ್ಕೆಚ್ಚನ್ನು ಇನ್ನೊಂದರೊಳಗೆ ಕೂರಿಸುವುದೂ ಇಲ್ಲಿ ಆಗುತ್ತದೆ. ಬೆಂಚನ್ನು ಒಂದು ಫೈಲಾಗಿ ಬಿಡಿಸಿ, ಇಡೀ ತಂಗುದಾಣದ ಸ್ಕೆಚ್‌ನಲ್ಲಿ ಅದನ್ನು ಕೂರಿಸಿ. ಬೆಂಚಿಗೆ ಬೆನ್ನಾಸರೆ ಸೇರಿಸಿದರೆ ತಂಗುದಾಣದ ಸ್ಕೆಚ್‌ನಲ್ಲೂ ಬೆನ್ನಾಸರೆ ಬರುತ್ತದೆ. ಸದರ್‌ಲ್ಯಾಂಡ್ ತೋರಿಸಿದ ಆ ಮೂಲ ಚಿತ್ರ ಮತ್ತು ಪ್ರತಿಯ ಸೌಲಭ್ಯ ಕೈಬರಹದ ಸ್ಕೆಚ್‌ಗೆ ಸಿಗುವುದು ಈ ಪಟ್ಟಿಯಲ್ಲಿ ಇಲ್ಲೇ.

ಹಾಗಾದರೆ ಎಲ್ಲರೂ ಇದನ್ನೇ ಯಾಕೆ ಬಳಸಬಾರದು? ಎರಡು ಕಾರಣ. ಇಬ್ಬರು ಒಂದೇ ಹೊತ್ತಿನಲ್ಲಿ ಒಂದೇ ಸ್ಕೆಚ್ ಮೇಲೆ ಕೆಲಸ ಮಾಡಬೇಕಾದರೆ ಇದು ಆಗುವುದಿಲ್ಲ, ಅದಕ್ಕೆ ಮಿರೋ ಅಥವಾ ಫಿಗ್‌ಜ್ಯಾಮ್ ಬೇಕು. ಕಲಿಯಲೂ ಸ್ವಲ್ಪ ತಾಳ್ಮೆ ಬೇಕು, ಪ್ಲಗಿನ್‌ನ ಸೆಟ್ಟಿಂಗ್ ಪುಟವೇ ಉದ್ದ. ಒಬ್ಬರೇ ಕೆಲಸ ಮಾಡುವ ವಿನ್ಯಾಸಕಾರರು, ಸಂಶೋಧನೆ ಮಾಡುವವರು, ಡಿಸೈನ್ ಕಾಲೇಜಿನಲ್ಲಿ ನಾಲ್ಕು ವರ್ಷದ ಸ್ಕೆಚ್‌ಗಳನ್ನು ಜೋಪಾನ ಮಾಡಬೇಕಾದವರು, ಇವರಿಗೆಲ್ಲ ನಾನು ಇದನ್ನೇ ಹೇಳುವುದು.

ಹೊರಬರುವ ದಾರಿ ಮೊದಲೇ ನೋಡಿ

ಗೂಗಲ್ ಜ್ಯಾಮ್‌ಬೋರ್ಡ್ ನೆನಪಿದೆಯಾ? ಕೊರೊನಾ ಕಾಲದ ಆನ್‌ಲೈನ್ ಪಾಠಗಳಲ್ಲಿ ಎಷ್ಟೋ ಶಿಕ್ಷಕರು ಅದನ್ನೇ ನಂಬಿದ್ದರು. ಒಂದು ಜ್ಯಾಮ್‌ನಲ್ಲಿ ಇಪ್ಪತ್ತು ಪುಟ. 2024ರ ಅಕ್ಟೋಬರ್ 1ರಿಂದ ಅದು ಬರೀ ನೋಡಲು ಮಾತ್ರ ಆಯಿತು, ಡಿಸೆಂಬರ್ 31ಕ್ಕೆ ಮುಚ್ಚಿತು. ಉಳಿಸಿಕೊಳ್ಳಲು ಇದ್ದ ದಾರಿ ಪಿಡಿಎಫ್ ಅಥವಾ ಫಿಗ್‌ಜ್ಯಾಮ್, ಲ್ಯೂಸಿಡ್‌ಸ್ಪಾರ್ಕ್, ಮಿರೋ ಇಂಥ ಬೇರೆ ಬೋರ್ಡ್. ಪಿಡಿಎಫ್‌ನಲ್ಲಿ ಸ್ಕೆಚ್ ಉಳಿಯುತ್ತದೆ. ಗೆರೆ ಕೂಡ ಗೆರೆಯಾಗಿ ಕಾಣುತ್ತದೆ. ಆದರೆ ಯಾವುದು ಯಾವುದಕ್ಕೆ ಅಂಟಿತ್ತು ಎಂಬ ಮಾಹಿತಿ ಹೋಗಿಬಿಡುತ್ತದೆ.

ಅದಕ್ಕೆ ಯಾವ ಆ್ಯಪ್ ಆರಿಸಿದರೂ ಒಂದು ಅಭ್ಯಾಸ ಮಾಡಿಕೊಳ್ಳಿ. ಪ್ರತಿ ಸ್ಕೆಚ್‌ಗೆ ಒಂದು ಸಂಖ್ಯೆ ಕೊಡಿ. ಕಾಗದದ ಮೇಲೆ ಬಿಡಿಸಿದರೆ ಫೋಟೋ ತೆಗೆಯುವ ಮೊದಲೇ ಮೂಲೆಯಲ್ಲಿ ಪೆನ್ನಿನಿಂದ ಬರೆಯಿರಿ. ಬೋರ್ಡಿನ ಮೇಲೆ ಅದೇ ಸಂಖ್ಯೆಯನ್ನು ಟೈಪ್ ಮಾಡಿ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಬೇರೆ ಸ್ಕೆಚ್‌ಗೆ ಕೊಡಬೇಡಿ, ಕೈಬಿಟ್ಟ ಸ್ಕೆಚ್‌ನ ಸಂಖ್ಯೆಯನ್ನೂ ಮತ್ತೆ ಬಳಸಬೇಡಿ. ಕಾರಣದ ಚೀಟಿಯಲ್ಲಿ "2ರಿಂದ 3: ನೀರು ಮುಂದೆ ಬೀಳುತ್ತದೆ" ಎಂದು ಸಂಖ್ಯೆ ಸಮೇತ ಬರೆಯಿರಿ. ಆಗ ಬಾಣ ಮುರಿದರೂ, ಲಿಂಕ್ ಸತ್ತರೂ, ಕಂಪನಿ ಮುಚ್ಚಿದರೂ, ಪಿಡಿಎಫ್ ಹಿಡಿದುಕೊಂಡೇ ನಂಟನ್ನು ಮತ್ತೆ ಕಟ್ಟಬಹುದು.

ಫೋಟೋವಾ, ಪೆನ್ನಾ?

ನಂಟು ಹಾಕುವ ದೃಷ್ಟಿಯಿಂದ ಕಾಗದದ ಸ್ಕೆಚ್‌ನ ಫೋಟೋಗೆ ಒಂದು ಅನುಕೂಲ ಇದೆ. ಫೋಟೋ ಒಂದೇ ವಸ್ತು. ಬಾಣ ಸಲೀಸಾಗಿ ಅಂಟುತ್ತದೆ, ಲಿಂಕ್ ಹಾಕುವುದು ಸುಲಭ. ಬೋರ್ಡಿನ ಮೇಲೆ ಪೆನ್ನಿನಿಂದ ಬಿಡಿಸಿದ ಸ್ಕೆಚ್ ನೂರಾರು ಬಿಡಿ ಗೆರೆಗಳು. ಗ್ರೂಪ್ ಮಾಡದಿದ್ದರೆ ಸರಿಸುವಾಗ ಒಂದೆರಡು ಗೆರೆ ಹಿಂದೆಯೇ ಉಳಿದುಬಿಡುತ್ತವೆ. ತಿದ್ದುವ ಸ್ವಾತಂತ್ರ್ಯ ಮಾತ್ರ ಪೆನ್ನಿಗೇ ಜಾಸ್ತಿ.

ಫೋಟೋ ತೆಗೆಯುವಾಗ ಒಂದು ಫೋಟೋಗೆ ಒಂದೇ ಸ್ಕೆಚ್. ಒಂದೇ ಹಾಳೆಯಲ್ಲಿ ನಾಲ್ಕು ಇದ್ದರೆ ಕತ್ತರಿಸಿ ನಾಲ್ಕು ಚಿತ್ರ ಮಾಡಿ, ಇಲ್ಲದಿದ್ದರೆ ಬಾಣ ಯಾವುದಕ್ಕೆ ಎಂದು ತಿಳಿಯುವುದಿಲ್ಲ. ಕಿಟಕಿಯ ಬೆಳಕಿನಲ್ಲಿ, ನಿಮ್ಮ ನೆರಳು ಬೀಳದಂತೆ ತೆಗೆಯಿರಿ. ಫೋನಿನ ಪೂರ್ತಿ ಗಾತ್ರದ ಚಿತ್ರ ಬೇಕಿಲ್ಲ, ಅಗಲ 1600 ಪಿಕ್ಸೆಲ್ ಇದ್ದರೆ ಪೆನ್ಸಿಲ್ ಗೆರೆ ಚೆನ್ನಾಗಿಯೇ ಕಾಣುತ್ತದೆ. ಬೋರ್ಡ್ ಹಗುರ ಇರುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ

ಕಾರಣಗಳನ್ನು ಕನ್ನಡದಲ್ಲೇ ಬರೆಯಿರಿ. ಮೇಸ್ತ್ರಿ, ಬಡಗಿ, ವೆಲ್ಡಿಂಗ್ ಮಾಡುವವರು ಬೋರ್ಡಿನ ಪ್ರಿಂಟ್ ನೋಡುವುದಿದ್ದರೆ ಇದು ಇನ್ನೂ ಮುಖ್ಯ. ಎಕ್ಸ್‌ಕ್ಯಾಲಿಡ್ರಾದ ಕೈಬರಹದ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲ. ಟೈಪ್ ಮಾಡಿದ ಕನ್ನಡ ನಿಮ್ಮ ಕಂಪ್ಯೂಟರಿನ ಸಾಮಾನ್ಯ ಫಾಂಟಿನಲ್ಲಿ ಬರುತ್ತದೆ. ನೋಟದಲ್ಲಿ ಸ್ವಲ್ಪ ಬೇರೆ ಅನ್ನಿಸುತ್ತದೆ, ಓದಲು ತೊಂದರೆ ಇಲ್ಲ. ಇನ್ನೊಬ್ಬರ ಕಂಪ್ಯೂಟರಿನಲ್ಲಿ ಫಾಂಟ್ ಬೇರೆ ಇದ್ದರೆ ಅಕ್ಷರದ ಅಗಲ ಬದಲಾಗಿ ಚೌಕದಿಂದ ಹೊರಗೆ ಇಣುಕಬಹುದು. ಚೌಕವನ್ನು ಸ್ವಲ್ಪ ದೊಡ್ಡದಾಗಿಯೇ ಬಿಡಿ.

ಹುಡುಕಾಟಕ್ಕೆ ಬೇಕಾದ ಪದಗಳನ್ನು ಟೈಪ್ ಮಾಡಲೇಬೇಕು. ಪೆನ್ನಿನಿಂದ ಕೈಬರಹದಲ್ಲಿ "ಚಾವಣಿ" ಎಂದು ಬರೆದರೆ ಹುಡುಕುವಾಗ ಸಿಗುತ್ತದೆ ಎಂದು ನಂಬಬೇಡಿ. ಟೈಪ್ ಮಾಡುವಾಗಲೂ ತಂಡದವರೆಲ್ಲ ಒಂದೇ ಪದ ಹಿಡಿಯಿರಿ. ಒಬ್ಬರು "ಚಾವಣಿ", ಇನ್ನೊಬ್ಬರು "ಛಾವಣಿ", ಮತ್ತೊಬ್ಬರು "ಮೇಲ್ಛಾವಣಿ" ಎಂದರೆ ಹುಡುಕಾಟದಲ್ಲಿ ಅರ್ಧ ಸಿಗುತ್ತದೆ, ಅರ್ಧ ಸಿಗುವುದಿಲ್ಲ. ಬೋರ್ಡಿನ ಮೂಲೆಯಲ್ಲಿ ಹತ್ತು ಪದಗಳ ಒಂದು ಪಟ್ಟಿ ಇಟ್ಟರೆ ಸಾಕು.

ಆರಿಸುವ ಮೊದಲು ಮಾಡಿ ನೋಡಬೇಕಾದದ್ದು

ಎರಡು ಆ್ಯಪ್ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ಎರಡರಲ್ಲೂ ಇದೇ ಕೆಲಸ ಮಾಡಿ ನೋಡಿ. ನಿಮ್ಮ ನಿಜವಾದ ಐದು ಸ್ಕೆಚ್ ಹಾಕಿ, ಎರಡು ಫೋಟೋ, ಮೂರು ಪೆನ್ನಿನವು. ಮೂರು ಬಾಣ ಎಳೆದು ಕಾರಣ ಬರೆಯಿರಿ. ನಡುವಿನ ಸ್ಕೆಚ್ಚನ್ನು ಬೋರ್ಡಿನ ಇನ್ನೊಂದು ತುದಿಗೆ ಸರಿಸಿ, ಬಾಣ ಬಂತಾ ನೋಡಿ. ಒಂದು ಸ್ಕೆಚ್‌ಗೆ ನೇರ ಲಿಂಕ್ ಮಾಡಿ ವಾಟ್ಸಾಪ್‌ನಲ್ಲಿ ಸಹೋದ್ಯೋಗಿಗೆ ಕಳಿಸಿ. ಅವರ ಫೋನಿನಲ್ಲಿ, ಖಾತೆ ತೆರೆಯದೆ, ಅದು ಸರಿಯಾದ ಜಾಗಕ್ಕೆ ಹೋಯಿತಾ ಕೇಳಿ. ಬೋರ್ಡ್ ನಕಲು ಮಾಡಿ ಲಿಂಕ್ ಒತ್ತಿ. ಪಿಡಿಎಫ್ ಮಾಡಿ, ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಯಿರಿ. ಗೆರೆಯ ಮೇಲಿನ ಕನ್ನಡ ಅಕ್ಷರ ಕನ್ನಡಕವಿಲ್ಲದೆ ಓದಲು ಬರದಿದ್ದರೆ ಚೀಟಿಯ ದಾರಿಗೆ ಹೋಗಿ, ಅಥವಾ ಒಂದು ಹಾಳೆಗೆ ಒಂದೇ ಫ್ರೇಮ್ ಬರುವಂತೆ ಪ್ರಿಂಟ್ ಮಾಡಿ.